ಫ್ರೆಂಚಿನ ಭೂತ, ಹೆಬ್ಬಾಳದ ಕಲ್ಲು ಮತ್ತು ನಮ್ಮಜ್ಜಿಯ 'ಬಂದವ್ನೆ'

ಭೂತ ಅಂದ ಕೂಡಲೇ ಹೆದರಬೇಡಿ, ಇದು ವ್ಯಾಕರಣದ ಭೂತ. ಆದರೂ ನನ್ನನ್ನು ಇದು ಕಾಡಿದ್ದು ಕಡಿಮೆಯೇನಲ್ಲ :-)

ಯಲಹಂಕದಲ್ಲಿ ನಾನು ಮೂರನೇ ಕ್ಲಾಸಿನಲ್ಲಿದ್ದೆ. ಒಂದು ಬೆಳಿಗ್ಗೆ ಹಾಜರಿ ಕೂಗುವಾಗ ಪಕ್ಕದ ಹುಡುಗ ಜಾಗದಲ್ಲಿರಲಿಲ್ಲ. ಎಲ್ಲಿ ಅವನು ಅಂತ ಮಿಸ್ ಕೇಳಿದರು. ನಾನು ಎದ್ದು ನಿಂತು, "ಬಂದವ್ನೆ ಮಿಸ್, ನೀರ್ ಕುಡಿಯಾಕೆ ಹೋಗವ್ನೆ" ಅಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. "ಬಂದವ್ನೆ ಹೋಗವ್ನೆ ಅಂತೆ! ದನ ಕಾಯೋರ ಭಾಷೆ. ಬಂದಿದ್ದಾನೆ ಅನ್ನು, ಹೋಗಿದ್ದಾನೆ ಅನ್ನು" ಎಂದು ಹೇಳಿ ಐವತ್ತು ಸಲ ಬರೆಸಿದರು. ಬರೆದೆ. ತಮಾಷೆ ಅಂದರೆ ಅದೇ ಮಿಸ್ ಮುಂದೆ ನಮಗೆ ಲೋಪಸಂಧಿ ಹೇಳಿಕೊಟ್ಟರು. ಬಂದು + ಇದ್ದಾನೆ = ಬಂದಿದ್ದಾನೆ. ಸರಿ. ಹಾಗಾದರೆ ಬಂದು + ಅವ್ನೆ = ಬಂದವ್ನೆ ಆಗೋದರಲ್ಲಿ ಏನು ತಪ್ಪು? ಆಗ ಕೇಳೋ ಬುದ್ಧಿ ಇರಲಿಲ್ಲ, ಧೈರ್ಯವೂ ಇರಲಿಲ್ಲ.

ಆದರೆ ಅವತ್ತಿನಿಂದ ಒಂದು ಕೆಟ್ಟ ಅಭ್ಯಾಸ ಬಂತು. ಗೆಳೆಯರು ಮನೆಗೆ ಬಂದಾಗ ಅಜ್ಜಿ ಬಾಯಿ ತೆರೆದರೆ ಸಾಕು, ನನಗೆ ಮುಜುಗರ. "ನಿಮ್ಮಪ್ಪ ಬಂದವ್ರೆ", "ಕಾಫಿ ಆಗೈತೆ", "ಹಾಲು ಉಕ್ಕೋಗೈತೆ"... ಅಜ್ಜಿಯನ್ನು ತಿದ್ದಲಿಕ್ಕೂ ಹೋಗಿದ್ದೆ. "ಏನೋ ಬಿಡಪ್ಪ, ನೀವು ಓದ್ದೋರು" ಅಂತ ಅವರು ಸುಮ್ಮನಾಗಿಬಿಟ್ಟರು. ಅದು ಈಗಲೂ ಚುಚ್ಚುತ್ತದೆ.

ಈ ಚುಚ್ಚು ಮತ್ತೆ ಎದ್ದಿದ್ದು ಬಹಳ ವರ್ಷಗಳ ನಂತರ, ಫ್ರೆಂಚ್ ಕಲಿಯಲು ಹೋದಾಗ. ಆಫೀಸಿನ ಕೆಲಸಕ್ಕೆ ಬೇಕಿತ್ತು, ಒಂದು ಸಂಜೆ ತರಗತಿಗೆ ಸೇರಿಕೊಂಡೆ. ಒಂದಷ್ಟು ವಾರ ವರ್ತಮಾನದಲ್ಲೇ ಸುಖವಾಗಿದ್ದೆವು. ಆಮೇಲೆ ಬಂತು ನೋಡಿ 'ಪಾಸೆ ಕೊಂಪೋಸೆ'. ಅಂದರೆ ಜೋಡಿಸಿ ಮಾಡಿದ ಭೂತಕಾಲ. ಫ್ರೆಂಚರು ದಿನನಿತ್ಯ ಮಾತಾಡುವ ಭೂತಕಾಲವೇ ಇದು. ಸೂತ್ರ ಸರಳ. 'ಅವ್ವಾರ್' (ಹೊಂದಿರು) ಅಥವಾ 'ಎತ್ರ್' (ಇರು) ಎಂಬ ಎರಡು ಕ್ರಿಯಾಪದಗಳಲ್ಲಿ ಒಂದನ್ನು ವರ್ತಮಾನದಲ್ಲಿ ಹಾಕು, ಅದರ ಮುಂದೆ ಬೇಕಾದ ಕ್ರಿಯಾಪದದ ಮುಗಿದ ರೂಪ ಇಡು. 'ಝೆ ಮಾಂಝೆ', ನಾನು ತಿಂದೆ. ಅಕ್ಷರಶಃ ನೋಡಿದರೆ 'ತಿಂದದ್ದನ್ನು ಹೊಂದಿದ್ದೇನೆ'. 'ಇಲ್ ಎ ವನ್ಯು', ಅವನು ಬಂದ. ಅಕ್ಷರಶಃ 'ಅವನು ಬಂದವನು ಇದ್ದಾನೆ'.

ಪಾಠ ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. 'ಐ ಹ್ಯಾವ್ ಕಮ್' ಅನ್ನೋದಕ್ಕೂ 'ಐ ಕೇಮ್' ಅನ್ನೋದಕ್ಕೂ ಇದೊಂದೇನಾ, ಎರಡೂನಾ ಅಂತ ಕ್ಲಾಸಿನಲ್ಲಿ ಅರ್ಧ ಗಂಟೆ ಗಲಾಟೆ. ನಾನು ಮಾತ್ರ ಹಲಗೆ ನೋಡುತ್ತಾ ಕೂತಿದ್ದೆ. ಬಂದು ಅವ್ನೆ. ಬಂದವ್ನೆ! ಫ್ರೆಂಚರ ಇಷ್ಟು ದೊಡ್ಡ ಪಾಠ ನಮ್ಮಜ್ಜಿ ಒಲೆ ಮುಂದೆ ಕೂತು ದಿನಕ್ಕೆ ನೂರು ಸಲ ಹೇಳುತ್ತಿದ್ದ ಮಾತು.

ಅಲ್ಲಿಂದ ಹಿಡಿದ ಹುಚ್ಚು. ಈ ಎರಡು ಭಾಷೆಗಳು ತಮ್ಮ ಭೂತಕಾಲ ಕಟ್ಟಿಕೊಂಡ ಚರಿತ್ರೆ ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನು ಇಲ್ಲಿ ಹೇಳ್ತೀನಿ.

ಫ್ರೆಂಚ್ ಹುಟ್ಟಿದ್ದು ಲ್ಯಾಟಿನ್ನಿನಿಂದ. ಲ್ಯಾಟಿನ್ನಿನಲ್ಲಿ ಭೂತಕಾಲಕ್ಕೆ ಒಂದೇ ಪದದ ರೂಪ ಇತ್ತು. 'ವೇನಿ' ಅಂದರೆ ಬಂದೆ, ಅದೇ ಬಂದಿದ್ದೇನೆ ಕೂಡ. ಎರಡಕ್ಕೂ ಒಂದೇ. ಇದರ ಪಕ್ಕದಲ್ಲಿ ಜನ ಇನ್ನೊಂದು ಥರ ಹೇಳುತ್ತಿದ್ದರು. 'ಎಪಿಸ್ತುಲಂ ಸ್ಕ್ರಿಪ್ತಂ ಹಬೇಯೊ', ಅಂದರೆ 'ಬರೆದ ಕಾಗದ ನನ್ನ ಹತ್ತಿರ ಇದೆ'. ಗಮನಿಸಿ, ಬರೆದವನು ನಾನೇ ಆಗಬೇಕಿಲ್ಲ. ಗುಮಾಸ್ತ ಬರೆದಿರಬಹುದು. ಕಾಗದ ನನ್ನ ಕೈಯಲ್ಲಿದೆ, ಅಷ್ಟೇ. ಆದರೆ ಕೈಯಲ್ಲಿ ಕಾಗದ ಇಟ್ಟುಕೊಂಡವನೇ ಸಾಮಾನ್ಯವಾಗಿ ಬರೆದವನೂ ಆಗಿರುತ್ತಾನಲ್ಲ? ಶತಮಾನಗಳು ಉರುಳಿದ ಹಾಗೆ 'ಬರೆದದ್ದು ನನ್ನಲ್ಲಿದೆ' ಅನ್ನೋದು 'ನಾನು ಬರೆದಿದ್ದೇನೆ' ಆಯಿತು. ಹಬೇಯೊ ಸವೆದು ಸವೆದು ಬರೀ 'ಎ' ಆಯಿತು. ಮಾಲೀಕತ್ವದ ಕ್ರಿಯಾಪದ ಕಾಲ ಹೇಳುವ ಗುರುತಾಗಿ ಕೆಳಗಿಳಿಯಿತು.

ಆ ಹಳೇ ಕಾಗದದ ನೆನಪು ಮಾತ್ರ ಇನ್ನೂ ಹೋಗಿಲ್ಲ. ಫ್ರೆಂಚಿನಲ್ಲಿ 'ನಾನು ಬರೆದ ಕಾಗದ' ಎಂದು ಕಾಗದವನ್ನು ವಾಕ್ಯದಲ್ಲಿ ಮೊದಲು ತಂದರೆ, ಅವರಲ್ಲಿ ಕಾಗದ ಸ್ತ್ರೀಲಿಂಗವಾದ್ದರಿಂದ 'ಎಕ್ರಿ' ಹೋಗಿ 'ಎಕ್ರೀತ್' ಆಗುತ್ತದೆ. ಕಾಗದ ಆಮೇಲೆ ಬಂದರೆ ಬದಲಾವಣೆ ಇಲ್ಲ. 16ನೇ ಶತಮಾನದಲ್ಲಿ ಕ್ಲೆಮಾಂ ಮರೋ ಎಂಬ ಕವಿ ಇಟಲಿಯವರನ್ನು ನೋಡಿ ಈ ನಿಯಮವನ್ನು ಎತ್ತಿ ಹಿಡಿದ. ಅಲ್ಲಿಂದ ಫ್ರೆಂಚ್ ಮಕ್ಕಳಿಗೆ ಕೆಂಪು ಶಾಯಿಯ ಕಾಟ ತಪ್ಪಿಲ್ಲ. 2018ರಲ್ಲಿ ಬೆಲ್ಜಿಯಂನ ಇಬ್ಬರು ಮಾಜಿ ಮೇಷ್ಟ್ರುಗಳು ಇದನ್ನು ತೆಗೆದೇಬಿಡೋಣ ಅಂತ ಪತ್ರಿಕೆಯಲ್ಲಿ ಬರೆದು ದೊಡ್ಡ ರಂಪವಾಯಿತು. 2018 ನೆನಪಿಟ್ಟುಕೊಳ್ಳಿ, ಆ ವರ್ಷ ಇನ್ನೊಂದು ಸಲ ಬರುತ್ತದೆ.

ಲ್ಯಾಟಿನ್ನಿನ ಒಂದೇ ಪದದ ಭೂತ ಏನಾಯಿತು? ಅದೂ ಫ್ರೆಂಚಿಗೆ ಇಳಿದು ಬಂತು, 'ಪಾಸೆ ಸಂಪ್ಲ್' ಎಂಬ ಹೆಸರಿನಲ್ಲಿ. ಬಂದ ಅನ್ನೋದಕ್ಕೆ 'ವ್ಯಾಂ', ಸತ್ತ ಅನ್ನೋದಕ್ಕೆ 'ಮೂರ್ಯು'. ಬಹಳ ಕಾಲ ಎರಡೂ ಅಣ್ಣತಮ್ಮಂದಿರ ಹಾಗೆ ಜಮೀನು ಹಂಚಿಕೊಂಡು ಬದುಕಿದವು. ಗಡಿ ಎಲ್ಲಿ ಅಂತೀರಾ? 1660ರಲ್ಲಿ ಆರ್ನೋ ಮತ್ತು ಲಾನ್ಸೆಲೊ ಎಂಬಿಬ್ಬರು ಬರೆದ ಪೋರ್ ರೋಯಾಲ್ ವ್ಯಾಕರಣದಲ್ಲಿ ಅದು ಬಹಳ ಮಜವಾಗಿದೆ. ಇವತ್ತು ನಡೆದದ್ದಕ್ಕೆ ಒಂಟಿ ಭೂತ ಬಳಸುವಂತಿಲ್ಲ. ನಡುವೆ ಒಂದು ರಾತ್ರಿಯಾದರೂ ಕಳೆದಿರಬೇಕು. ಇದಕ್ಕೆ 'ಇಪ್ಪತ್ತನಾಲ್ಕು ಗಂಟೆಯ ನಿಯಮ' ಅಂತಲೇ ಹೆಸರು. ಬೆಳಿಗ್ಗೆ ತಿಂದ ದೋಸೆಗೆ ಜೋಡಿ ಭೂತ, ನಿನ್ನೆ ತಿಂದ ದೋಸೆಗೆ ಒಂಟಿ ಭೂತ!

ಕೊನೆಗೆ ತಮ್ಮನೇ ಇಡೀ ಜಮೀನು ನುಂಗಿದ. ಮಾತಿನಲ್ಲಿ ಒಂಟಿ ಭೂತ ಸತ್ತೇಹೋಯಿತು. ಆಂತ್ವಾನ್ ಮೇಯೆ ಎಂಬ ದೊಡ್ಡ ಭಾಷಾವಿಜ್ಞಾನಿ 1909ರಲ್ಲೇ ಈ ಸಾವಿನ ಬಗ್ಗೆ ಪ್ರಬಂಧ ಬರೆದಿದ್ದಾರೆ. ಕಥೆ ಕಾದಂಬರಿ, ಚರಿತ್ರೆಯ ಪುಸ್ತಕ, ಮಕ್ಕಳ ಅಜ್ಜಿಕಥೆಗಳಲ್ಲಿ ಮಾತ್ರ ಅದು ಇನ್ನೂ ಉಸಿರಾಡುತ್ತಿದೆ. 1942ರಲ್ಲಿ ಆಲ್ಬೆರ್ ಕಮೂ ತನ್ನ 'ಲೆತ್ರಾಂಝೆ' ಕಾದಂಬರಿಯನ್ನು ಹೆಚ್ಚುಕಡಿಮೆ ಪೂರ್ತಿ ಮಾತಿನ ಜೋಡಿ ಭೂತದಲ್ಲೇ ಬರೆದಾಗ ಓದುಗರು ಬೆಚ್ಚಿದ್ದು ಅದಕ್ಕೇ. ಮನೆಯ ಹಿತ್ತಲಲ್ಲಿ ಓಡಾಡುತ್ತಿದ್ದ ರೂಪ ನಡುಮನೆಗೆ ಬಂದು ಕೂತಿತ್ತು.

ಈಗ ಹೆಬ್ಬಾಳಕ್ಕೆ ಬರೋಣ. ಫ್ಲೈಓವರ್ ಟ್ರಾಫಿಕ್ ಬಗ್ಗೆ ಬೈಯೋದಕ್ಕಲ್ಲ, ಅದಕ್ಕೆ ಬೇರೆ ಪೋಸ್ಟೇ ಬೇಕು. 2018ರಲ್ಲಿ (ಬಂತು ನೋಡಿ) ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷ ರಾಜನ ಕಾಲದ್ದು, ಸುಮಾರು ಕ್ರಿ.ಶ. 750. ರಟ್ಟವಾಡಿಯ ಕಡೆಯಿಂದ, ಅಂದರೆ ರಾಷ್ಟ್ರಕೂಟರ ಕಡೆಯಿಂದ ದಂಡು ಬಂದಾಗ ಹೋರಾಡಿ ಸತ್ತ ಕಿತ್ತಯ್ಯ ಎಂಬುವನ ಕಲ್ಲು. ಊರಿನ ಸೀಮೆಯ ಹೆಸರು ಅದರಲ್ಲಿ 'ಪೆರ್ಬ್ಬೊಳಲ್ ನಾಡು'. ಪೆರ್ ಅಂದರೆ ದೊಡ್ಡ, ಪೊೞಲ್ ಅಂದರೆ ಪಟ್ಟಣ. ಪಕಾರ ಹಕಾರವಾಗಿ, ಸವೆದು, ಹೆಬ್ಬಾಳ. ಬೆಂಗಳೂರಿನಲ್ಲಿ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಅತಿ ಹಳೆಯವುಗಳ ಸಾಲಿನಲ್ಲಿ ಇದನ್ನು ಇಟ್ಟಿದ್ದಾರೆ.

ಒಂದು ಲೆಕ್ಕ ಹಾಕಿ. ಫ್ರೆಂಚ್ ಭಾಷೆಯ ಅತಿ ಹಳೆಯ ಬರಹ ಎಂದು ಅವರು ಹೇಳಿಕೊಳ್ಳೋದು ಕ್ರಿ.ಶ. 842ರ ಸ್ಟ್ರಾಸ್‌ಬುರ್ಗ್ ಪ್ರಮಾಣವಚನ. ಅಣ್ಣತಮ್ಮಂದಿರಾದ ಇಬ್ಬರು ರಾಜರು ಸೈನಿಕರ ಮುಂದೆ ಮಾಡಿದ ಆಣೆ. ಅಂದರೆ ನಮ್ಮ ಹೆಬ್ಬಾಳದ ಮಣ್ಣಿನಲ್ಲಿ ಬಿದ್ದಿದ್ದ ಕಲ್ಲು ಫ್ರೆಂಚಿನ ಮೊಟ್ಟಮೊದಲ ಬರಹಕ್ಕಿಂತ ಸುಮಾರು ತೊಂಬತ್ತು ವರ್ಷ ದೊಡ್ಡದು! ಜಂಬ ಕೊಚ್ಚಿಕೊಳ್ಳೋದಕ್ಕೆ ಹೇಳ್ತಿಲ್ಲ... ಸರಿ, ಸ್ವಲ್ಪ ಅದಕ್ಕೂ ಹೇಳ್ತಿದ್ದೀನಿ.

ವೀರಗಲ್ಲು ಅಂದರೇ ಭೂತಕಾಲ. ದಂಡು ಬಂತು, ಇವನು ಕಾದಿದ, ಸತ್ತ. ಹಳಗನ್ನಡದ ವೀರಗಲ್ಲುಗಳಲ್ಲಿ ಪದೇಪದೇ ಸಿಗುವ ಮುಕ್ತಾಯ 'ಸತ್ತಂ', 'ಸತ್ತನ್'. ಬೇಗೂರಿನ ಶಾಸನ ನಿಮಗೆ ಗೊತ್ತೇ ಇದೆ, ಸುಮಾರು ಕ್ರಿ.ಶ. 890ರದು, ಬೆಂಗಳೂರು ಎಂಬ ಹೆಸರಿರುವುದಕ್ಕೆ ಹೆಸರಾದದ್ದು. ಅಲ್ಲೂ ಬೆಂಗಳೂರಿನ ಕಾಳಗದಲ್ಲಿ ಮಡಿದವನಿಗೆ ಅದೇ ಪದ. ಇನ್ನೂ ಹಿಂದೆ ಹೋದರೆ, ಬೇಲೂರಿನ ಹತ್ತಿರದ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಕಂಡುಹಿಡಿದ ಶಾಸನ, ಸುಮಾರು ಕ್ರಿ.ಶ. 450ರದು. ಅದರಲ್ಲಿ ದಾನ ಹೇಳುವ ಕ್ರಿಯಾಪದ 'ಕೊಟ್ಟಾರ್'. ಕೊಟ್ಟಾರ್, ಕೊಟ್ಟರು, ಕೊಟ್ರು. ಹದಿನೈದು ನೂರು ವರ್ಷದಲ್ಲಿ ಬಾಲ ಒಂಚೂರು ಮೊಟಕಾಗಿದೆ ಅಷ್ಟೆ. ಸತ್ತಂ, ಸತ್ತನು, ಸತ್ತ. ಕಿತ್ತಯ್ಯನ ಕಾಲದವನೊಬ್ಬ ಎದ್ದು ಬಂದು ಹೆಬ್ಬಾಳದ ಬಸ್‌ಸ್ಟಾಪಿನಲ್ಲಿ ನಿಂತರೆ ನಮ್ಮ ಭೂತಕಾಲವಂತೂ ಅವನಿಗೆ ಅರ್ಥವಾಗುತ್ತದೆ.

ವರ್ತಮಾನ ಅರ್ಥವಾಗಲಿಕ್ಕಿಲ್ಲ. ಸುಮಾರು 1260ರಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಮೂರು ಕಾಲಕ್ಕೆ ಮೂರು ಪ್ರತ್ಯಯ ಹೇಳುತ್ತಾನೆ. ಭೂತಕ್ಕೆ 'ದ', ವರ್ತಮಾನಕ್ಕೆ 'ದಪ', ಭವಿಷ್ಯಕ್ಕೆ 'ವ'. ಮಾಡಿದಂ, ಮಾಡಿದಪಂ, ಮಾಡುವಂ. ಈ ಮಾಡಿದಪಂ ಅಂದರೆ 'ಮಾಡುತ್ತಾನೆ'. ಈಗ ಯಾರಿಗಾದರೂ ಹಾಗನ್ನಿಸುತ್ತದಾ? ಆದರೆ ಆ ದಪ ಪೂರ್ತಿ ಸತ್ತಿಲ್ಲ, ವೇಷ ಹಾಕಿಕೊಂಡು ಒಳಗೇ ಇದೆ. ಇರ್ದಪನ್, ಇದ್ದಹನು, ಇದ್ದಾನೆ, ಹೀಗೆ ಇದರ ಜಾಡನ್ನು ವ್ಯಾಕರಣಕಾರರು ತೋರಿಸುತ್ತಾರೆ. ಅಂದರೆ ಮಿಸ್ ನನ್ನ ಕೈಯಲ್ಲಿ ಐವತ್ತು ಸಲ ಬರೆಸಿದ ಆ ಶುದ್ಧವಾದ 'ಇದ್ದಾನೆ' ಕೂಡ ಸವೆದು ಮುರಿದು ಕೂಡಿಕೊಂಡ ಪದವೇ! ಯಾವುದೂ ದೇವರು ಹಾಗೇ ಇಳಿಸಿದ್ದಲ್ಲ.

ಕನ್ನಡದ ಒಂಟಿ ಭೂತ ಕಟ್ಟುವುದು ಒಂದು ದೃಷ್ಟಿಯಲ್ಲಿ ಸುಲಭ. ಧಾತು, ಅದಕ್ಕೊಂದು ದಕಾರ, ಆಮೇಲೆ ಯಾರು ಅನ್ನೋ ಬಾಲ. ಮಾಡಿದೆ, ನೋಡಿದೆ, ಹಾಡಿದೆ. ಆದರೆ ದಿನಾ ಕೈಯಾಡುವ ಕ್ರಿಯಾಪದಗಳೇ ಅಡ್ಡದಾರಿ ಹಿಡಿಯುತ್ತವೆ. ಕೊಡು ಕೊಟ್ಟ, ನಗು ನಕ್ಕ, ಕೀಳು ಕಿತ್ತ, ಸಾಯು ಸತ್ತ, ಬೀಳು ಬಿದ್ದ, ನಿಲ್ಲು ನಿಂತ, ಸೋಲು ಸೋತ. ಪುಟ್ಟ ಮಕ್ಕಳು 'ಕೊಡಿದ' ಅಂತ ಹೇಳಿ ನಮ್ಮನ್ನು ನಗಿಸೋದು ನಿಯಮ ಗೊತ್ತಿರೋದರಿಂದಲೇ. ಫ್ರೆಂಚಿನಲ್ಲೂ ಅದೇ ಪಾಡು. ಇರು, ಹೊಂದಿರು, ಮಾಡು, ಸಾಯು, ಹುಟ್ಟು, ಇವೇ ಸೂತ್ರಕ್ಕೆ ಸಿಕ್ಕದವು. ಹೆಚ್ಚು ಬಳಸಿದ ಪಾತ್ರೆಗೇ ಹೆಚ್ಚು ನೆಗ್ಗು.

ನಮ್ಮಲ್ಲಿ 'ಹೊಂದಿರು' ಅನ್ನೋದನ್ನು ಮನೆಮಾತಿನಲ್ಲಿ ಯಾರೂ ಬಳಸಲ್ಲ. 'ನಾನು ಎರಡು ಮಕ್ಕಳನ್ನು ಹೊಂದಿದ್ದೇನೆ' ಅಂತ ಅಜ್ಜಿ ಯಾವತ್ತಾದರೂ ಅಂದಿದ್ದುಂಟಾ? ನನಗಿಬ್ಬರು ಮಕ್ಕಳವ್ರೆ, ಅಷ್ಟೆ. ಹಾಗಾಗಿ ಜೋಡಿ ಭೂತಕ್ಕೂ ನಮಗೆ 'ಇರು' ಒಂದೇ ಸಾಕಾಯಿತು. ಫ್ರೆಂಚರು ಬಹುಪಾಲು ಕ್ರಿಯೆಗಳಿಗೆ 'ಹೊಂದಿರು' ಹಚ್ಚಿ, ಬರು, ಹೋಗು, ಹುಟ್ಟು, ಸಾಯು ಥರದ ಒಂದು ಹಿಡಿ ಕ್ರಿಯಾಪದಗಳಿಗೆ ಮಾತ್ರ 'ಇರು' ಉಳಿಸಿಕೊಂಡರು. ಕಲಿಯುವವರು ಆ ಪಟ್ಟಿಯನ್ನು ಮಗ್ಗಿಯ ಹಾಗೆ ಉರು ಹೊಡೆಯಬೇಕು. ಆ ಪಟ್ಟಿಯೊಳಗೆ ಲಿಂಗಕ್ಕೆ ತಕ್ಕ ಬಾಲವೂ ಇದೆ. ಸತ್ತವನು 'ಮೋರ್', ಸತ್ತವಳು 'ಮೋರ್ತ್'. ನಮ್ಮ ಬಂದವ್ನೆ, ಬಂದವ್ಳೆ ನೆನಪಾಗಲ್ವಾ?

ಯಲಹಂಕ, ಹೆಬ್ಬಾಳದ ಸುತ್ತಿನ ಹಳೇ ಮನೆಗಳಲ್ಲಿ ಈಗಲೂ ಕೇಳಿ. ಮನೇಲವ್ನೆ, ಅಂದರೆ ಮನೆಯಲ್ಲಿದ್ದಾನೆ. ಅದೇ ಅವ್ನೆ, ಅವ್ಳೆ, ಅವ್ರೆ, ಐತೆಗಳನ್ನು ಮುಗಿದ ಕ್ರಿಯೆಗೆ ಅಂಟಿಸಿದರೆ ಬಂದವ್ನೆ, ಮಾಡವ್ಳೆ, ಹೋಗವ್ರೆ, ಆಗೈತೆ. 'ನಾನು' ಬಂದರೆ ಬಂದಿವ್ನಿ. ಧಾರವಾಡದ ಕಡೆ ಬಂದಾನ, ಹೋಗ್ಯಾನ, ಬಂದೈತಿ. ಹವ್ಯಕರಲ್ಲಿ ಬೈಂದ. ಎಲ್ಲರೂ ಅದೇ ಇಟ್ಟಿಗೆ, ಗಾರೆ ಮಾತ್ರ ಬೇರೆ ಬೇರೆ.

ವಿಚಿತ್ರ ನೋಡಿ, ಇಷ್ಟು ಬಳಸುವ ಈ ರೂಪಕ್ಕೆ ನಾನು ಓದಿದ ಶಾಲಾ ವ್ಯಾಕರಣದಲ್ಲಿ ಹೆಸರೇ ಇರಲಿಲ್ಲ. ಭೂತ, ವರ್ತಮಾನ, ಭವಿಷ್ಯತ್, ಮುಗೀತು. ಪ್ಯಾರಿಸ್ಸಿನಲ್ಲಿ ಅದಕ್ಕೊಂದು ದೊಡ್ಡ ಅಧ್ಯಾಯ, ಯಲಹಂಕದಲ್ಲಿ ಐವತ್ತು ಸಲ ಬರೆಯೋ ಶಿಕ್ಷೆ.

ಆದರೆ ಒಂದು ವಿಷಯದಲ್ಲಿ ಕನ್ನಡ ಫ್ರೆಂಚಿನ ದಾರಿ ಹಿಡಿಯಲಿಲ್ಲ. ಇಲ್ಲಿ ತಮ್ಮ ಅಣ್ಣನನ್ನು ನುಂಗಲಿಲ್ಲ. ಎರಡೂ ಬದುಕಿವೆ, ಎರಡಕ್ಕೂ ಬೇರೆ ಬೇರೆ ಕೆಲಸ ಇದೆ. 'ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದರು' ಅಂತೀವಿ. 'ಕಟ್ಟಿದ್ದಾರೆ' ಅಂದರೆ ಗೌಡರು ಪಕ್ಕದ ರಸ್ತೆಯಲ್ಲೇ ಇದ್ದು ಗೃಹಪ್ರವೇಶಕ್ಕೆ ಕರೆದ ಹಾಗಾಗುತ್ತೆ :-) 'ನಿಮ್ಮ ಮನೆಗೆ ಬಂದಿದ್ದೀನಿ' ಅಂದರೆ ಇನ್ನೂ ಅಲ್ಲೇ ಕೂತಿದ್ದೀನಿ. 'ಬಂದಿದ್ದೆ' ಅಂದರೆ ಬಂದು ವಾಪಸ್ಸು ಹೋದೆ, ನೀವೇ ಇರಲಿಲ್ಲ. ಇಲ್ಲ ಅನ್ನುವಾಗಲೂ ಇದೇ ಭೇದ. ಮಾಡಲಿಲ್ಲ ಬೇರೆ, ಮಾಡಿಲ್ಲ ಬೇರೆ. 'ಮಾಡಿಲ್ಲ' ಅನ್ನುವವನಿಗೆ ಇನ್ನೂ ಮಾಡುವ ಅವಕಾಶ ಇದೆ, 'ಮಾಡಲಿಲ್ಲ' ಅಂದವನದು ಮುಗೀತು. ಹಳಗನ್ನಡದಲ್ಲಿ 'ಮಾಡೆಂ' ಅನ್ನೋ ನಿಷೇಧರೂಪಕ್ಕೆ ಕಾಲವೇ ಇರಲಿಲ್ಲ ಅನ್ನೋದು ನೆನಪಾದರೆ, ಈ ನಾಜೂಕು ಆಮೇಲೆ ಗಳಿಸಿದ್ದು ಅಂತ ಗೊತ್ತಾಗುತ್ತೆ.

ಫ್ರೆಂಚಿನ ಆ ರೂಪ ಮಾಡದ ಇನ್ನೊಂದು ಕೆಲಸ ನಮ್ಮ ಜೋಡಿ ಭೂತ ಮಾಡುತ್ತದೆ. ಬೆಳಿಗ್ಗೆ ಎದ್ದು ಬಾಗಿಲು ತೆಗೆದಾಗ ಅಂಗಳ ಒದ್ದೆ. ಅಜ್ಜಿ, "ರಾತ್ರಿ ಮಳೆ ಬಂದೈತೆ" ಅನ್ನೋರು. ಮಳೆಯನ್ನು ಅವರು ನೋಡಿಲ್ಲ, ಗುರುತು ನೋಡಿದ್ದಾರೆ. ತಾನೇ ಎದ್ದು ಕೂತು ನೋಡಿದ್ದರೆ "ಮಳೆ ಬಂತು" ಅನ್ನುತ್ತಿದ್ದರು. ಫ್ರೆಂಚಿನಲ್ಲಿ ಎರಡಕ್ಕೂ 'ಇಲ್ ಆ ಪ್ಲ್ಯು' ಒಂದೇ. ಕಂಡವರ ಮಾತು ಒಂದು, ಕುರುಹು ಕಂಡವರ ಮಾತು ಇನ್ನೊಂದು. ಇದನ್ನು ತಿಳಿದ ಮೇಲೆ ವೀರಗಲ್ಲಿನ 'ಸತ್ತಂ' ಬೇರೆಯೇ ಆಗಿ ಕೇಳುತ್ತೆ. ಕಲ್ಲು ಕಂಡವನ ದನಿಯಲ್ಲಿ ಮಾತಾಡುತ್ತದೆ. ಅದನ್ನು ಮಣ್ಣಿನಿಂದ ಎತ್ತಿ ಒರೆಸಿ ಓದಿದ ನಾವು ಹೇಳೋದು "ಇಲ್ಲಿ ಯಾರೋ ಸತ್ತವ್ರೆ" ಅಂತ. ನಮಗೆ ಸಿಕ್ಕಿದ್ದು ಕುರುಹು ಮಾತ್ರ.

19ನೇ ಶತಮಾನದಲ್ಲಿ ಬೆಂಗಳೂರಿನಲ್ಲಿದ್ದ ಫ್ರೆಂಚ್ ಪಾದ್ರಿಗಳೂ ಇದನ್ನೆಲ್ಲ ಎದುರಿಸಿರಬೇಕು. ಇಲ್ಲಿನ ಬಿಷಪ್ ಆಗಿದ್ದ ಶಾರ್ಬೊನೊ 1861ರಲ್ಲಿ ಬೆಂಗಳೂರಿನಲ್ಲೇ ಲ್ಯಾಟಿನ್-ಕನ್ನಡ ನಿಘಂಟು ಅಚ್ಚು ಹಾಕಿಸಿದರು. ಲ್ಯಾಟಿನ್ನಿನ ಒಂದು 'ವೇನಿ'ಯನ್ನು ಕನ್ನಡದಲ್ಲಿ ಬಂದೆ, ಬಂದಿದ್ದೇನೆ ಎಂದು ಸೀಳುವಾಗ, ಮನೆಯಲ್ಲಿ ಜೋಡಿ ಭೂತ ಮಾತಾಡಿ ಬೆಳೆದ ಫ್ರೆಂಚ್ ಮನುಷ್ಯನಿಗೆ ಕೈ ಎಲ್ಲಿ ತಡೆದಿರುತ್ತೋ ಅಂತ ಊಹಿಸಿಕೊಂಡರೆ ನಗು ಬರುತ್ತೆ. ನಮ್ಮ ಕ್ಲಾಸಿನ ಗಲಾಟೆಯೇ ತಿರುಗುಮುರುಗಾಗಿ!

ತಾತ ತೀರಿಕೊಂಡಾಗ ನಾನು ಪಿಯುಸಿ. ಊರವರೆಲ್ಲ "ಸತ್ತೋದ್ರು", "ತೀರ್ಕೊಂಡ್ರು" ಅನ್ನುತ್ತಿದ್ದರು. ಅಜ್ಜಿ ಒಬ್ಬರು ಮಾತ್ರ ಆಮೇಲೂ ಬಹಳ ದಿನ "ಅವ್ರು ಹೋಗವ್ರೆ" ಅನ್ನೋರು. ಆಗಿನ ನನ್ನ ಕಿವಿಗೆ ಅದು ಮತ್ತೊಂದು ತಪ್ಪು ಕನ್ನಡವಾಗಿ ಕೇಳಿಸಿತ್ತು. ಹೋದರು ಅಂದಿದ್ದರೆ ಮುಗಿದುಹೋಗುತ್ತಿತ್ತು. ಹೋಗವ್ರೆ ಅನ್ನೋದರಲ್ಲಿ ಆ 'ಇರುವುದು' ಇನ್ನೂ ಅಂಟಿಕೊಂಡಿದೆ. ಅವರು ವ್ಯಾಕರಣ ಗೊತ್ತಿದ್ದು ಹಾಗಂದರು ಅಂತ ನಾನು ಹೇಳಲ್ಲ. ಆದರೆ ಗೊತ್ತಿಲ್ಲದೆ ಅಂದರು ಅಂತಲೂ ಹೇಳಲಾರೆ.

ಈಗ ನನ್ನ ಮಗಳು ಸ್ಕೂಲಿನಲ್ಲಿ ಫ್ರೆಂಚ್ ತಗೊಂಡಿದ್ದಾಳೆ. ಮೊನ್ನೆ ಪಾಸೆ ಕೊಂಪೋಸೆ ಪಾಠ ಬಂತು, ಅರ್ಥವಾಗಲಿಲ್ಲ ಅಂತ ಅಳುಮೋರೆ ಹಾಕಿದಳು. "ಬಾ ಇಲ್ಲಿ, ನಿಮ್ಮ ಮುತ್ತಜ್ಜಿ ಹೇಳಿದ ಹಾಗೆ ಹೇಳಿಕೊಡ್ತೀನಿ" ಅಂದೆ. ಬಂದವ್ನೆ, ಹೋಗವ್ನೆ, ಹುಟ್ಟವ್ನೆ, ಸತ್ತವ್ನೆ ಅಂತ ಪಟ್ಟಿ ಮಾಡಿದೆವು. 'ಎತ್ರ್' ಹಚ್ಚುವ ಕ್ರಿಯಾಪದಗಳು ಹತ್ತು ನಿಮಿಷದಲ್ಲಿ ಬಾಯಿಗೆ ಬಂದವು. ಈಗ ಅಡುಗೆಮನೆಯಿಂದ "ಅಪ್ಪ, ಕಾಫಿ ಆಗೈತೆ" ಅಂತ ಕೂಗ್ತಾಳೆ, ಬೇಕಂತಲೇ. ಅವರಮ್ಮ ನನ್ನ ಮುಖ ನೋಡ್ತಾಳೆ.

ಸರಿ, ನಿಮ್ಮ ಕಡೆ 'ಬಂದಿದ್ದಾನೆ' ಅನ್ನೋದಕ್ಕೆ ಏನಂತೀರಿ? ಕುಂದಾಪುರದವರು, ಕೊಳ್ಳೇಗಾಲದವರು, ಬೀದರಿನವರು, ಕಾಸರಗೋಡಿನವರು, ಯಾರಾದರೂ ಸರಿ, ಬರೆದು ತಿಳಿಸಿ. 'ಬಂದಿದ್ದೇನೆ', 'ಬಂದಿದ್ದಾಳೆ', 'ಬಂದಿದೆ' ಮೂರೂ ಬೇಕು. ಒಂದು ಪಟ್ಟಿ ಮಾಡೋ ಆಸೆ ಇದೆ. ಶುದ್ಧ ಕನ್ನಡಕ್ಕೆ ತಿದ್ದಿ ಮಾತ್ರ ಕಳಿಸಬೇಡಿ.